ಗೆರೆಗಾಗಿ ಕಾದ ಕಡಲು



ನೀವು ಮುಂಬಯಿಯವರಾದರೆ ಬಾಂಬೆ ಹೈ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಮಿಕ್ಕ ಊರುಗಳಲ್ಲಿ ಇರುವವರಿಗಾಗಿ ಎರಡು ಮಾತು. 1974ರ ಫೆಬ್ರವರಿಯಲ್ಲಿ ಮುಂಬಯಿ ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ 'ಸಾಗರ್ ಸಮ್ರಾಟ್' ಕೊರೆದ ಬಾವಿಯಲ್ಲಿ ತೈಲ ಸಿಕ್ಕಿತು. 1976ರ ಮೇ ತಿಂಗಳಲ್ಲಿ ಅಲ್ಲಿಂದ ಉತ್ಪಾದನೆ ಶುರುವಾಯಿತು. ಎರಡು ವರ್ಷ, ಮೂರು ತಿಂಗಳು. ಅಷ್ಟೇ.

ಅದೇ 1974ರಲ್ಲಿ, ನಮ್ಮಿಂದ ಬಹುದೂರ, ಆಸ್ಟ್ರೇಲಿಯಾಕ್ಕೂ ತಿಮೋರ್ ದ್ವೀಪಕ್ಕೂ ನಡುವಿನ ಕಡಲಿನಲ್ಲಿ ಇನ್ನೊಂದು ನಿಕ್ಷೇಪ ಪತ್ತೆಯಾಯಿತು. ಅದಕ್ಕೆ 'ಸನ್‌ರೈಸ್', ಅಂದರೆ ಸೂರ್ಯೋದಯ ಎಂದು ಹೆಸರಿಟ್ಟರು. ಪಕ್ಕದಲ್ಲೇ ಸಿಕ್ಕ 'ಟ್ರೂಬಡೋರ್' ನಿಕ್ಷೇಪವನ್ನೂ ಸೇರಿಸಿ ಈಗ 'ಗ್ರೇಟರ್ ಸನ್‌ರೈಸ್' ಎನ್ನುತ್ತಾರೆ. ಸುಮಾರು 5 ಲಕ್ಷ ಕೋಟಿ ಘನ ಅಡಿ ಅನಿಲ, 22 ಕೋಟಿ ಬ್ಯಾರೆಲ್‌ಗಿಂತ ಹೆಚ್ಚು ದ್ರವ ಇಂಧನ ಅಲ್ಲಿದೆಯೆಂದು ಅಂದಾಜು. ಸಣ್ಣ ಗಂಟಲ್ಲ. ಐವತ್ತು ವರ್ಷ ಕಳೆದರೂ ಅಲ್ಲಿಂದ ವ್ಯಾಪಾರಕ್ಕೆಂದು ಒಂದು ಹನಿಯನ್ನೂ ತೆಗೆದಿಲ್ಲ. ಆ ಸೂರ್ಯ ಇನ್ನೂ ಹುಟ್ಟಿಲ್ಲ!

ಬಾಂಬೆ ಹೈ ಯಾರದು ಎಂದು ಯಾರೂ ಕೇಳುವ ಹಾಗಿರಲಿಲ್ಲ. ಸನ್‌ರೈಸ್ ಯಾರದು ಎಂಬ ಪ್ರಶ್ನೆಗೆ ಮಾತ್ರ ಐದು ದಶಕದಲ್ಲಿ ಐದಾರು ಉತ್ತರಗಳು ಬಂದುಹೋದವು. ಈ ಸಂಚಿಕೆಯಲ್ಲಿ ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಮಕ್ಕಳ ಶಾಲೆಯ ಅಟ್ಲಾಸ್ ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ತಿಮೋರ್ ಎಲ್ಲಿದೆ ನೋಡೋಣ. ಇಂಡೋನೇಷ್ಯಾದ ದ್ವೀಪಮಾಲೆಯ ಪೂರ್ವದ ತುದಿಯ ಕಡೆ, ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣದ ವಾಯವ್ಯಕ್ಕೆ, ಮೊಸಳೆಯ ಹಾಗೆ ಮಲಗಿರುವ ಉದ್ದನೆಯ ದ್ವೀಪ. ಪಶ್ಚಿಮದ ಅರ್ಧ ಡಚ್ಚರ ಕೈಯಲ್ಲಿದ್ದು ಆಮೇಲೆ ಇಂಡೋನೇಷ್ಯಾಕ್ಕೆ ಸೇರಿತು. ಪೂರ್ವದ ಅರ್ಧ ಪೋರ್ಚುಗೀಸರದು. ಯುರೋಪಿನವರು ಅಷ್ಟು ದೂರ ಹೋದದ್ದು ಯಾತಕ್ಕೆ ಎಂದರೆ ನಮಗೆ ಬಹಳ ಪರಿಚಯದ ವಸ್ತುವಿಗೆ: ಶ್ರೀಗಂಧಕ್ಕೆ. ನಮ್ಮ ಮೈಸೂರು ಸೀಮೆಯಲ್ಲಿ ಬೆಳೆಯುವ ಅದೇ ಜಾತಿಯ ಗಂಧದ ಮರ ತಿಮೋರಿನದೂ ಹೌದು. 1844ರವರೆಗೆ ಆ ದ್ವೀಪದ ಆಡಳಿತ ನಡೆದದ್ದು ನಮ್ಮ ನೆರೆಯ ಗೋವಾದ ಅಧೀನದಲ್ಲಿ. ಕಾರವಾರದಿಂದ ಕೂಗಳತೆಯಲ್ಲಿದ್ದ ಕಚೇರಿಯಿಂದ ತಿಮೋರಿಗೆ ಅಪ್ಪಣೆ ಹೋಗುತ್ತಿತ್ತು ಎಂದರೆ ನಂಬುವುದು ಕಷ್ಟ, ಆದರೆ ನಿಜ. ಗಂಧ ಕಡಿದು ಕಡಿದು ಮುಗಿದ ಮೇಲೆ ಪೋರ್ಚುಗೀಸರಿಗೆ ಆ ಊರಿನ ಮೇಲೆ ಆಸಕ್ತಿಯೂ ಕಡಿಮೆಯಾಯಿತು.

ಇನ್ನು ಗಡಿಯ ಮಾತು. ಊರಿನಲ್ಲಿ ಅಕ್ಕಪಕ್ಕದ ಎರಡು ಹೊಲಗಳಿವೆ ಎಂದುಕೊಳ್ಳಿ. ನಡುವೆ ಬದು ಇದೆ. ಬದುವಿನ ಮೇಲೆ ಬೆಳೆಗೆ ಲೆಕ್ಕ ಸಿಗುತ್ತದೆ, ನೆಲದಡಿಯ ನೀರಿಗೆ ಸಿಗುವುದಿಲ್ಲ. ನೀವು ಇನ್ನೂರು ಅಡಿ ಬೋರ್‌ವೆಲ್ ಹಾಕಿಸಿದರೆ ಪಕ್ಕದವನು ನಾನೂರು ಅಡಿ ಹಾಕಿಸಿ ನಿಮ್ಮದನ್ನೂ ಎಳೆದುಕೊಳ್ಳುತ್ತಾನೆ. ತೈಲ, ಅನಿಲದ ಕಥೆಯೂ ಇದೇ. ಒಂದೇ ಬಂಡೆಯ ಪದರದಲ್ಲಿ ತುಂಬಿರುವ ಅನಿಲ ಒತ್ತಡ ಕಡಿಮೆ ಇದ್ದ ಕಡೆಗೆ ಹರಿಯುತ್ತದೆ; ಗೆರೆಯ ಈಚೆ ಕೊರೆದರೂ ಆಚೆಯದು ಬರುತ್ತದೆ. ಬದುವೇ ಇನ್ನೂ ಹಾಕಿಲ್ಲದಿದ್ದರಂತೂ ಮುಗಿಯಿತು. ಪರವಾನಗಿ ಕೊಡುವವರು ಯಾರು, ತೆರಿಗೆ ಯಾರಿಗೆ, ಅಪಘಾತವಾದರೆ ಯಾವ ದೇಶದ ಪೊಲೀಸರು ಬರಬೇಕು, ಇವು ಗೊತ್ತಾಗದೆ ಯಾವ ಕಂಪನಿಯೂ ಸಾವಿರಾರು ಕೋಟಿ ಸುರಿಯುವುದಿಲ್ಲ. ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ.

ತಿಮೋರ್ ಕಡಲಿನಲ್ಲಿ ಬದು ಎಲ್ಲಿರಬೇಕು ಎನ್ನುವುದಕ್ಕೆ ಎರಡು ವಾದಗಳಿದ್ದವು. ಖಂಡದ ನೆಲ ತೀರದಲ್ಲಿ ಮುಗಿಯದೆ ನೀರಿನಡಿಯಲ್ಲೂ ಮುಂದುವರಿಯುತ್ತದಲ್ಲ, ಅದನ್ನು ಶಾಲೆಯಲ್ಲಿ ಖಂಡಾವರಣ ಎಂದು ಓದಿರುತ್ತೀರಿ. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತನ್ನ ದೇಶದ ಖಂಡಾವರಣದ ಸಂಪತ್ತೆಲ್ಲ ತನ್ನ ದೇಶದ್ದೇ ಎಂದು ಸಾರಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಆಸ್ಟ್ರೇಲಿಯಾದ ಖಂಡಾವರಣ ಬಹಳ ಅಗಲ. ಉತ್ತರಕ್ಕೆ ಚಾಚಿಕೊಂಡು ತಿಮೋರಿನ ಹತ್ತಿರದವರೆಗೆ ಹೋಗುತ್ತದೆ. ಅಲ್ಲಿ ಮೂರು ಸಾವಿರ ಮೀಟರ್ ಆಳದ ಒಂದು ಕಂದಕವಿದೆ, ತಿಮೋರ್ ಟ್ರಫ್. "ನಮ್ಮ ನೆಲ ಆ ಕಂದಕದವರೆಗೆ, ಆದ್ದರಿಂದ ಗಡಿಯೂ ಅಲ್ಲೇ" ಎಂಬುದು ಆಸ್ಟ್ರೇಲಿಯಾದ ವಾದ. "ಎರಡು ತೀರಗಳ ನಡುವೆ ಅಳೆದು ಮಧ್ಯದಲ್ಲಿ ಗೆರೆ ಎಳೆಯಿರಿ" ಎಂಬುದು ಪೋರ್ಚುಗಲ್ಲಿನ ವಾದ. ಈ ಎರಡು ಗೆರೆಗಳ ನಡುವೆ ತೈಲ ಮಲಗಿತ್ತು.

ಇಂಡೋನೇಷ್ಯಾ 1972ರಲ್ಲಿ ಆಸ್ಟ್ರೇಲಿಯಾದ ವಾದವನ್ನು ಬಹುಪಾಲು ಒಪ್ಪಿ ಸಹಿ ಹಾಕಿತು. ಆಮೇಲೆ ಜಕಾರ್ತದಲ್ಲಿ ಅದಕ್ಕಾಗಿ ಬಹಳ ಕೈಕೈ ಹಿಸುಕಿಕೊಂಡರು. ಪೋರ್ಚುಗಲ್ ಮಾತುಕತೆಗೆ ಬರಲಿಲ್ಲ. ಹೀಗಾಗಿ ಭೂಪಟದ ಮೇಲೆ ಪೂರ್ವಕ್ಕೊಂದು ಗೆರೆ, ಪಶ್ಚಿಮಕ್ಕೊಂದು ಗೆರೆ, ನಡುವೆ ಪೋರ್ಚುಗೀಸ್ ತಿಮೋರಿನ ಎದುರು ಬೇಲಿಯ ಕಂಡಿಯಂತೆ ಖಾಲಿ ಜಾಗ ಉಳಿಯಿತು. ಅದಕ್ಕೇ 'ತಿಮೋರ್ ಗ್ಯಾಪ್' ಎಂಬ ಹೆಸರು. ಆ ಕಂಡಿಯ ಎರಡು ತುದಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1974ರ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಕ್ರಾಂತಿಯಾಗಿ ಪೋರ್ಚುಗಲ್ ತನ್ನ ವಸಾಹತುಗಳಿಂದ ಕಾಲ್ತೆಗೆಯಲು ಶುರುಮಾಡಿತು. ಆಸ್ಟ್ರೇಲಿಯಾಕ್ಕೆ ಈಗ ಕಂಡಿಯನ್ನು ಯಾರ ಜೊತೆ ಮುಚ್ಚಿಕೊಳ್ಳುವುದು ಎಂಬ ಪ್ರಶ್ನೆ. 1975ರ ಆಗಸ್ಟಿನಲ್ಲಿ ಜಕಾರ್ತದಲ್ಲಿದ್ದ ಆಸ್ಟ್ರೇಲಿಯಾದ ರಾಯಭಾರಿ ರಿಚರ್ಡ್ ವೂಲ್ಕಾಟ್ ತನ್ನ ಸರ್ಕಾರಕ್ಕೆ ಒಂದು ತಂತಿ ಕಳಿಸಿದ. ಪೋರ್ಚುಗಲ್ಲಿಗಿಂತ, ಸ್ವತಂತ್ರ ತಿಮೋರಿಗಿಂತ, ಇಂಡೋನೇಷ್ಯಾದ ಜೊತೆ ಈ ಕಂಡಿಯನ್ನು ಮುಚ್ಚಿಕೊಳ್ಳುವುದು ಸುಲಭ ಎಂಬುದು ಅದರ ಸಾರ. ಆ ತಂತಿ ಬೇಗನೆ ಬಯಲಾಯಿತು. ತೈಲದ ಆಸೆಯೊಂದರಿಂದಲೇ ಮುಂದಿನದೆಲ್ಲ ನಡೆಯಿತು ಎಂದು ನಾನು ಹೇಳಲಾರೆ. ಅದು ಶೀತಲ ಸಮರದ ಕಾಲ, ಕಮ್ಯುನಿಸಂ ಭಯವೂ ಇತ್ತು. ಆದರೆ ಲೆಕ್ಕದಲ್ಲಿ ತೈಲ ಇತ್ತು ಎನ್ನುವುದಕ್ಕೆ ಕಾಗದವೇ ಸಾಕ್ಷಿ.

1975ರ ನವೆಂಬರ್ 28ರಂದು ಪೂರ್ವ ತಿಮೋರ್ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಒಂಬತ್ತೇ ದಿನ. ಡಿಸೆಂಬರ್ 7ರಂದು ಇಂಡೋನೇಷ್ಯಾದ ಸೈನ್ಯ ರಾಜಧಾನಿ ಡಿಲಿಗೆ ಇಳಿಯಿತು. ಮುಂದಿನ 24 ವರ್ಷಗಳಲ್ಲಿ ಗುಂಡಿಗೆ, ಹಸಿವಿಗೆ, ರೋಗಕ್ಕೆ ಸತ್ತವರು ಕನಿಷ್ಠ ಒಂದು ಲಕ್ಷ ಎಂದು ಆಮೇಲೆ ಅಲ್ಲಿನ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿತು. ಆಗ ಆ ದೇಶದ ಒಟ್ಟು ಜನಸಂಖ್ಯೆಯೇ ಆರೇಳು ಲಕ್ಷ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬೆಟ್ಟ ಸೇರಿದ ಹೋರಾಟಗಾರರ ಬಳಿ ಒಂದು ಟ್ರಾನ್ಸ್‌ಮಿಟರ್ ಇತ್ತು, ಹೆಸರು 'ರೇಡಿಯೋ ಮೌಬೇರೆ'. ಒಳಗೆ ಏನಾಗುತ್ತಿದೆ ಎಂದು ಹೊರಜಗತ್ತಿಗೆ ತಿಳಿಯುತ್ತಿದ್ದುದು ಹೆಚ್ಚಾಗಿ ಆ ದನಿಯಿಂದ. ಡಾರ್ವಿನ್ ಬಳಿ ಕಾಡಿನಲ್ಲಿ ಅಡಗಿ ಕುಳಿತ ಕೆಲವು ಆಸ್ಟ್ರೇಲಿಯನ್ ಬೆಂಬಲಿಗರು ಅದನ್ನು ಕೇಳಿಸಿಕೊಂಡು, ಮರುಮಾತನಾಡಿ, ಸುದ್ದಿಯನ್ನು ಹೊರಗೆ ಹಂಚುತ್ತಿದ್ದರು. ಆಸ್ಟ್ರೇಲಿಯಾ ಸರ್ಕಾರ ಅವರ ಉಪಕರಣಗಳನ್ನು ಹುಡುಕಿ ಜಪ್ತಿ ಮಾಡುತ್ತಿತ್ತು. ಅವರು ಇನ್ನೊಂದನ್ನು ತಂದಿಡುತ್ತಿದ್ದರು. 1978ರ ಕೊನೆಯ ಹೊತ್ತಿಗೆ ಬೆಟ್ಟದ ದನಿ ನಿಂತುಹೋಯಿತು.

1979ರಲ್ಲಿ ಆಸ್ಟ್ರೇಲಿಯಾ ತಿಮೋರ್ ಇಂಡೋನೇಷ್ಯಾದ ಭಾಗವೆಂದು ಕಾನೂನುಪ್ರಕಾರ ಒಪ್ಪಿಕೊಂಡಿತು. ಒಪ್ಪದೆ ಕಡಲ ಮಾತುಕತೆಗೆ ಕೂರುವ ಹಾಗಿರಲಿಲ್ಲ. ಆದರೂ ಗೆರೆಯ ವಿಷಯದಲ್ಲಿ ಒಮ್ಮತ ಬರಲಿಲ್ಲ. ಕಾಲ ಬದಲಾಗಿತ್ತು. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಪ್ರತಿ ದೇಶಕ್ಕೂ ತೀರದಿಂದ 200 ನಾಟಿಕಲ್ ಮೈಲಿಯವರೆಗೆ ಹಕ್ಕು ಕೊಟ್ಟಿತು. 1985ರಲ್ಲಿ ಲಿಬಿಯಾ ಮತ್ತು ಮಾಲ್ಟಾ ನಡುವಿನ ಮೊಕದ್ದಮೆಯಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ, ಅಷ್ಟು ದೂರದೊಳಗೆ ಕಂದಕ, ಗುಂಡಿಗಳ ಲೆಕ್ಕ ಬೇಡ, ದೂರದ ಲೆಕ್ಕ ಸಾಕು ಎಂದುಬಿಟ್ಟಿತು. ಇಂಡೋನೇಷ್ಯಾ ಈ ಸಲ ಬಗ್ಗಲಿಲ್ಲ. ಕೊನೆಗೆ ಗೆರೆಯನ್ನು ಬದಿಗಿಟ್ಟು, ಕಂಡಿಯ ನಡುಭಾಗದ ತೈಲವನ್ನು ಅರ್ಧರ್ಧ ಹಂಚಿಕೊಳ್ಳುವ ಒಪ್ಪಂದವಾಯಿತು. 1989ರ ಡಿಸೆಂಬರ್ 11ರಂದು ಆಸ್ಟ್ರೇಲಿಯಾದ ಗ್ಯಾರೆತ್ ಇವಾನ್ಸ್, ಇಂಡೋನೇಷ್ಯಾದ ಅಲಿ ಅಲಾಟಾಸ್, ಇಬ್ಬರು ವಿದೇಶಾಂಗ ಸಚಿವರೂ ವಿಮಾನದಲ್ಲಿ ತಿಮೋರ್ ಕಡಲಿನ ಮೇಲೆ ಹಾರುತ್ತಲೇ ಸಹಿ ಹಾಕಿ ಶಾಂಪೇನ್ ಗ್ಲಾಸು ತಾಗಿಸಿದರು. ಕೆಳಗಿನ ದ್ವೀಪದಲ್ಲಿ ಯಾರನ್ನೂ ಕೇಳಿರಲಿಲ್ಲ.

ಪೋರ್ಚುಗಲ್ 1991ರಲ್ಲಿ ಹೇಗ್‌ಗೆ ಹೋಯಿತು. 1995ರ ಜೂನ್ 30ರಂದು ತೀರ್ಪು ಬಂತು: ತಿಮೋರಿನ ಜನರಿಗೆ ಸ್ವಯಂನಿರ್ಣಯದ ಹಕ್ಕಿದೆ, ಆದರೆ ಇಂಡೋನೇಷ್ಯಾ ನ್ಯಾಯಾಲಯದ ಮುಂದೆ ಇಲ್ಲವಾದ್ದರಿಂದ ಈ ವ್ಯಾಜ್ಯವನ್ನು ತೀರ್ಮಾನಿಸಲಾಗದು. ಹಕ್ಕು ಇದೆ, ಕೈಗೆ ಬರುವುದಿಲ್ಲ! ಅದೇ ವರ್ಷ ಹಂಚಿಕೆಯ ವಲಯದಲ್ಲಿ 'ಬಾಯು–ಉಂಡಾನ್' ಎಂಬ ದೊಡ್ಡ ನಿಕ್ಷೇಪವೂ ಸಿಕ್ಕಿತು.

1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ಜನಮತ ನಡೆಸಿತು. ಶೇಕಡಾ 78ಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಅದಕ್ಕೆ ಪ್ರತೀಕಾರವಾಗಿ ಇಂಡೋನೇಷ್ಯಾ ಪರ ಪಡೆಗಳು ಡಿಲಿಗೆ ಬೆಂಕಿಯಿಟ್ಟವು. ಅದನ್ನು ತಡೆಯಲು ಬಂದ ಅಂತರರಾಷ್ಟ್ರೀಯ ಸೈನ್ಯದ ನೇತೃತ್ವ ವಹಿಸಿದ್ದು ಆಸ್ಟ್ರೇಲಿಯಾ. ಇದನ್ನು ಮರೆತು ಬರೆದರೆ ಅನ್ಯಾಯವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಂದ ತಮ್ಮನ್ನು ಬಚ್ಚಿಟ್ಟು ಕಾಪಾಡಿದ ತಿಮೋರಿಗಳನ್ನು ನೆನೆಯುವ ಹಳೆಯ ಆಸ್ಟ್ರೇಲಿಯನ್ ಯೋಧರು, ಆಮೇಲಿನ ತೈಲದ ಜಗಳದಲ್ಲೂ ತಿಮೋರಿನ ಪರವೇ ನಿಂತರು.

ಆದರೆ ಸರ್ಕಾರದ ಲೆಕ್ಕ ಬೇರೆ. 2002ರ ಮಾರ್ಚಿನಲ್ಲಿ, ತಿಮೋರ್ ಸ್ವತಂತ್ರವಾಗಲು ಎರಡು ತಿಂಗಳಿರುವಾಗ, ಕಡಲ ಗಡಿಯ ವ್ಯಾಜ್ಯಗಳಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿಗೆ ತಾನು ಒಳಪಡುವುದಿಲ್ಲ ಎಂದು ಆಸ್ಟ್ರೇಲಿಯಾ ಘೋಷಿಸಿತು. ಕೋರ್ಟಿನ ಬಾಗಿಲು ಮುಚ್ಚಿತು. ಮೇ 20ರಂದು, ಸ್ವಾತಂತ್ರ್ಯದ ದಿನವೇ, ಡಿಲಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು: ಹಂಚಿಕೆಯ ವಲಯದ ಆದಾಯದಲ್ಲಿ ತಿಮೋರಿಗೆ ಶೇಕಡಾ 90, ಆಸ್ಟ್ರೇಲಿಯಾಕ್ಕೆ 10.

ಕೇಳಲು ಎಷ್ಟು ಉದಾರವಾಗಿದೆ, ಅಲ್ಲವೇ? ಇಲ್ಲೇ ಸ್ವಲ್ಪ ನಿಲ್ಲಿ. ಆ ವಲಯದ ದಕ್ಷಿಣದ ಅಂಚೇ ಮಧ್ಯರೇಖೆ. ಅಂದರೆ ಹೊಸ ಕಾನೂನಿನ ಪ್ರಕಾರ ಗೆರೆ ಎಳೆದಿದ್ದರೆ ವಲಯ ಪೂರ್ತಿ ತಿಮೋರಿನದೇ ಆಗುತ್ತಿತ್ತು ಎಂಬುದು ಡಿಲಿಯ ಮಾತು. ಇನ್ನು ಬದಿಯ ಗೆರೆಗಳು. ಕಂಡಿಯ ಎರಡು ತುದಿಗಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. 1972ರಲ್ಲಿ ತಿಮೋರಿಗಳು ಇಲ್ಲದೆಯೇ ಗುರುತಿಸಿದ ಆ ಬಿಂದುಗಳಿಂದ ಇಳಿದ ಗೆರೆಗಳೇ ವಲಯದ ಪೂರ್ವ, ಪಶ್ಚಿಮದ ಅಂಚುಗಳಾಗಿದ್ದವು. ಪೂರ್ವದ ಅಂಚು ಸನ್‌ರೈಸ್ ನಿಕ್ಷೇಪವನ್ನು ಸೀಳಿಕೊಂಡು ಹೋಗುತ್ತಿತ್ತು. 2003ರ ಲೆಕ್ಕದಲ್ಲಿ ನಿಕ್ಷೇಪದ ಶೇಕಡಾ 20.1 ಮಾತ್ರ ವಲಯದೊಳಗೆ, 79.9 ಆಸ್ಟ್ರೇಲಿಯಾಕ್ಕೆ. ಇಪ್ಪತ್ತರ ತೊಂಬತ್ತು ಭಾಗ ಎಂದರೆ ತಿಮೋರಿಗೆ ಸಿಕ್ಕುವುದು ಸುಮಾರು 18. ನಿಕ್ಷೇಪ ಇರುವುದು ತಿಮೋರಿನಿಂದ ಸುಮಾರು 150 ಕಿಲೋಮೀಟರ್, ಡಾರ್ವಿನ್ನಿನಿಂದ ಸುಮಾರು 450. ಪಶ್ಚಿಮದ ಅಂಚಿನ ಹೊರಗೇ ಇದ್ದ 'ಲ್ಯಾಮಿನೇರಿಯಾ–ಕೊರಾಲಿನಾ' ಎಂಬ ಇನ್ನೊಂದು ನಿಕ್ಷೇಪದಿಂದ 1999ರಲ್ಲೇ ತೈಲ ತೆಗೆಯಲು ಶುರುವಾಗಿತ್ತು. ಅದರ ತೆರಿಗೆಯೆಲ್ಲ ಆಸ್ಟ್ರೇಲಿಯಾಕ್ಕೇ ಹೋಯಿತು.

ಮಾತುಕತೆ ಎಳೆದಷ್ಟೂ ಒಂದು ಕಡೆಗೆ ಲಾಭ. ಶ್ರೀಮಂತನಿಗೆ ಆತುರವಿಲ್ಲ, ಆಸ್ಪತ್ರೆಗೆ, ಶಾಲೆಗೆ, ಸುಟ್ಟುಹೋದ ಊರನ್ನು ಮತ್ತೆ ಕಟ್ಟುವುದಕ್ಕೆ ದುಡ್ಡು ಬೇಕಾದವನಿಗೆ ಆತುರ. ಮನೆ ಭಾಗದ ವ್ಯಾಜ್ಯದಲ್ಲಿ ಬಡ ತಮ್ಮ ಹೇಗೆ ಸಿಕ್ಕಷ್ಟಕ್ಕೆ ರಾಜಿಯಾಗುತ್ತಾನೋ ಹಾಗೆ. 2006ರ ಜನವರಿ 12ರಂದು ಸಿಡ್ನಿಯಲ್ಲಿ ಇನ್ನೊಂದು ಒಪ್ಪಂದವಾಯಿತು. ಸನ್‌ರೈಸ್ ಆದಾಯ ಅರ್ಧರ್ಧ. ಪ್ರತಿಯಾಗಿ ಐವತ್ತು ವರ್ಷ ಗಡಿಯ ಮಾತು ಎತ್ತುವಂತಿಲ್ಲ.

ಮುಂದೆ ನಡೆದದ್ದು ಪತ್ತೇದಾರಿ ಕಾದಂಬರಿಯ ಹಾಗಿದೆ. ಆಸ್ಟ್ರೇಲಿಯಾದ ಗುಪ್ತಚರರು 2004ರಲ್ಲಿ ನೆರವಿನ ಹೆಸರಿನಲ್ಲಿ ಡಿಲಿಯ ಸರ್ಕಾರಿ ಕಟ್ಟಡ ದುರಸ್ತಿ ಮಾಡಿಸುವಾಗ ಗೋಡೆಯೊಳಗೆ ಕದ್ದು ಕೇಳುವ ಯಂತ್ರ ಇಟ್ಟು, ಮಾತುಕತೆಯ ಕಾಲದಲ್ಲಿ ತಿಮೋರಿನ ಮಂತ್ರಿಗಳ ಮಾತು ಕೇಳಿಸಿಕೊಂಡರು ಎಂಬ ಆರೋಪ. ಹೇಳಿದವನು ಅದೇ ಗುಪ್ತಚರ ಸಂಸ್ಥೆಯ ಮಾಜಿ ಅಧಿಕಾರಿ. ಕೋರ್ಟಿನ ಕಾಗದಗಳಲ್ಲಿ ಅವನ ಹೆಸರು 'ಸಾಕ್ಷಿ ಕೆ'. ಮೋಸದಿಂದ ಆದ ಒಪ್ಪಂದ ಒಪ್ಪಂದವಲ್ಲ ಎಂದು ತಿಮೋರ್ 2013ರಲ್ಲಿ ಪಂಚಾಯಿತಿಗೆ ಹೋಯಿತು. ಅದೇ ಡಿಸೆಂಬರ್ 3ರಂದು ತಿಮೋರಿನ ವಕೀಲ ಬರ್ನಾರ್ಡ್ ಕೊಲೇರಿಯ ಕ್ಯಾನ್‌ಬೆರಾ ಕಚೇರಿಯ ಮೇಲೆ ದಾಳಿ ಮಾಡಿ ಕಾಗದಪತ್ರ ಹೊತ್ತೊಯ್ದರು. 2014ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಆ ಕಾಗದಗಳನ್ನು ಮುದ್ರೆ ಹಾಕಿ ಇಡುವಂತೆ ಆಸ್ಟ್ರೇಲಿಯಾಕ್ಕೆ ಆದೇಶಿಸಿತು. ಮರುವರ್ಷ ಅವು ವಾಪಸಾದವು. ಸಾಕ್ಷಿ ಕೆ ಗೆ 2021ರಲ್ಲಿ ಮೂರು ತಿಂಗಳ ಅಮಾನತು ಶಿಕ್ಷೆಯಾಯಿತು. ಕೊಲೇರಿ ಮೇಲಿನ ಮೊಕದ್ದಮೆಯನ್ನು 2022ರಲ್ಲಿ ಸರ್ಕಾರವೇ ಕೈಬಿಟ್ಟಿತು.

ಈ ನಡುವೆ ನಮ್ಮ ಬಂಗಾಳ ಕೊಲ್ಲಿಯಲ್ಲೂ ಇಂಥದೇ ಪಂದ್ಯ ನಡೆದಿತ್ತು. ಬಾಂಗ್ಲಾದೇಶ 2009ರಲ್ಲಿ ಭಾರತದ ಮೇಲೂ ಮ್ಯಾನ್ಮಾರ್ ಮೇಲೂ ವ್ಯಾಜ್ಯ ಹೂಡಿತು. ಹಿಂದಿನ ವರ್ಷವಷ್ಟೇ, ಮ್ಯಾನ್ಮಾರ್ ಪರವಾಗಿ ಅನಿಲ ಹುಡುಕಲು ಬಂದ ಕೊರಿಯಾದ ಕಂಪನಿಯ ಎದುರು ಎರಡು ದೇಶಗಳ ಯುದ್ಧನೌಕೆಗಳು ಮುಖಾಮುಖಿ ನಿಂತಿದ್ದವು. 2014ರ ಜುಲೈನಲ್ಲಿ ಭಾರತದ ವ್ಯಾಜ್ಯದ ತೀರ್ಪು ಬಂದಾಗ, ಜಗಳವಿದ್ದ 25,602 ಚದರ ಕಿಲೋಮೀಟರ್ ಪೈಕಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಅದನ್ನು ಒಪ್ಪಿಕೊಂಡಿತು. ದೊಡ್ಡಣ್ಣನಾಗಿ ಸೋತು ಸುಮ್ಮನಿದ್ದದ್ದು ನನಗೆ ಹೆಮ್ಮೆಯ ವಿಷಯವೇ. ಕೋರ್ಟಿಗೇ ಬರುವುದಿಲ್ಲ ಎಂದ ಆಸ್ಟ್ರೇಲಿಯಾದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಕೋರ್ಟಿನ ಬಾಗಿಲು ಮುಚ್ಚಿದ್ದರೂ ಕಡಲ ಕಾನೂನಿನಲ್ಲಿ ಒಂದು ಹಿತ್ತಿಲ ಬಾಗಿಲಿತ್ತು: ಕಡ್ಡಾಯ ರಾಜಿ. ಒಂದು ದೇಶ ಕರೆದರೆ ಇನ್ನೊಂದು ಬರಲೇಬೇಕು. ಅಲ್ಲಿಯವರೆಗೆ ಯಾರೂ ಅದನ್ನು ತೆರೆದಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ತಿಮೋರ್ ತೆರೆಯಿತು. ಆಯೋಗದ ಅಧ್ಯಕ್ಷ ಡೆನ್ಮಾರ್ಕಿನ ಪೀಟರ್ ಟಾಕ್ಸೊ-ಯೆನ್ಸನ್. ದೆಹಲಿಯ ಓದುಗರಿಗೆ ಹೇಳಬೇಕು, ಆತ ಆಗ ನಿಮ್ಮೂರಿನಲ್ಲೇ ಡೆನ್ಮಾರ್ಕಿನ ರಾಯಭಾರಿಯಾಗಿದ್ದವರು. ತಿಮೋರಿನ ಮುಖ್ಯ ಸಂಧಾನಕಾರ ಶನಾನಾ ಗುಸ್ಮಾವ್, ಹಿಂದೆ ಬೆಟ್ಟದಲ್ಲಿ ಬಂದೂಕು ಹಿಡಿದು, ಜಕಾರ್ತದ ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದು, ದೇಶದ ಮೊದಲ ರಾಷ್ಟ್ರಪತಿಯಾದವರು. 2017ರ ಆಗಸ್ಟ್ 30ರಂದು, ಜನಮತದ ವಾರ್ಷಿಕದ ದಿನವೇ, ಕೋಪನ್‌ಹೇಗನ್ನಿನಲ್ಲಿ ಎರಡೂ ಕಡೆ ಒಪ್ಪಿದವು. 2018ರ ಮಾರ್ಚ್ 6ರಂದು ನ್ಯೂಯಾರ್ಕಿನಲ್ಲಿ ಸಹಿಯಾಯಿತು. ಗೆರೆ ಬಹುಪಾಲು ಕಡಲಿನ ಮಧ್ಯದಲ್ಲೇ ಬಂತು. 1972ರಲ್ಲಿ ಬಿಟ್ಟ ಕಂಡಿ ಮುಚ್ಚಲು 46 ವರ್ಷ ಹಿಡಿಯಿತು.

ಹಾಗಾದರೆ ಸನ್‌ರೈಸ್? ಹೊಸ ಗೆರೆ ಅದರ ಮೇಲೇ ಹಾದುಹೋಗುತ್ತದೆ, ನಿಕ್ಷೇಪ ಇಬ್ಬರಿಗೂ ಸೇರಿದ್ದು. ಹಂಚಿಕೆಯಲ್ಲಿ ಒಂದು ಷರತ್ತು ಇದೆ. ಅನಿಲದ ಕೊಳವೆ ಡಾರ್ವಿನ್‌ಗೆ ಹೋದರೆ ತಿಮೋರಿಗೆ ಶೇಕಡಾ 80. ತಿಮೋರಿನ ದಕ್ಷಿಣ ತೀರಕ್ಕೆ ಬಂದರೆ 70. ದುಡ್ಡು ಹೆಚ್ಚು ಬೇಕೋ, ಕಾರ್ಖಾನೆ, ಬಂದರು, ಉದ್ಯೋಗ ಬೇಕೋ ಎಂಬ ಪ್ರಶ್ನೆ. ತಿಮೋರ್ ಕೊಳವೆಯೇ ಬೇಕು ಎನ್ನುತ್ತದೆ. ಅದರಲ್ಲಿ ತಪ್ಪೇನಿದೆ? ಬಾಯು–ಉಂಡಾನ್ ಅನಿಲ 2006ರಿಂದ ಐನೂರು ಕಿಲೋಮೀಟರ್ ಕೊಳವೆಯಲ್ಲಿ ಡಾರ್ವಿನ್‌ಗೆ ಹೋಯಿತು, ಅಲ್ಲಿ ಕಾರ್ಖಾನೆ ಎದ್ದಿತು, ಕೆಲಸ ಅಲ್ಲಿನವರಿಗೆ ಸಿಕ್ಕಿತು. ಡಿಲಿಗೆ ಬಂದದ್ದು ಚೆಕ್ಕು. ಗಂಧವೂ ಹಾಗೇ ಹೋಗಿತ್ತಲ್ಲ. ಆದರೆ ತಿಮೋರಿಗೆ ಕೊಳವೆ ತರಬೇಕಾದರೆ ದಾರಿಯಲ್ಲಿ ಆ ಹಳೆಯ ಕಂದಕ, ಮೂರು ಸಾವಿರ ಮೀಟರ್ ಆಳ. ಗಡಿಯ ವಾದದಲ್ಲಿ ಸೋತ ಕಂದಕ ಈಗ ಎಂಜಿನಿಯರುಗಳ ಮುಂದೆ ಕುಳಿತಿದೆ. ಕೊಳವೆ ಹಾಕಬಹುದು ಎಂದು ತಿಮೋರ್, ಖರ್ಚು ಹುಟ್ಟುವುದಿಲ್ಲ ಎಂದು ಆಸ್ಟ್ರೇಲಿಯಾದ ವುಡ್‌ಸೈಡ್ ಕಂಪನಿ ವರ್ಷಗಟ್ಟಲೆ ವಾದಿಸಿದವು. ತಿಮೋರ್ 65 ಕೋಟಿ ಡಾಲರ್ ಕೊಟ್ಟು ಶೆಲ್, ಕೊನೊಕೊಫಿಲಿಪ್ಸ್ ಕಂಪನಿಗಳ ಪಾಲನ್ನೇ ಕೊಂಡುಕೊಂಡಿತು. ಈಗ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ.

ದುಡ್ಡು ಎಲ್ಲಿಂದ ಬಂತು ಎನ್ನುತ್ತೀರಾ? ತಿಮೋರ್ 2005ರಲ್ಲಿ ನಾರ್ವೆಯ ಮಾದರಿಯಲ್ಲಿ ಒಂದು ತೈಲ ನಿಧಿ ಮಾಡಿಟ್ಟಿತು. ಬಾಯು–ಉಂಡಾನ್ ಆದಾಯವನ್ನು ಅದರಲ್ಲಿ ಹಾಕುತ್ತ ಹೋಗಿ, ಒಂದು ಹಂತದಲ್ಲಿ ಅದು 1,800 ಕೋಟಿ ಡಾಲರ್ ದಾಟಿತು. ಹದಿಮೂರು ಲಕ್ಷ ಜನರ ದೇಶಕ್ಕೆ ಅದು ಪುಟ್ಟ ಮೊತ್ತವಲ್ಲ. ಸರ್ಕಾರದ ಖರ್ಚು ಬಹುಪಾಲು ನಡೆಯುವುದು ಅದರಿಂದಲೇ. ಆದರೆ 2023ರ ಕೊನೆಗೆ ಬಾಯು–ಉಂಡಾನ್‌ನಿಂದ ಡಾರ್ವಿನ್ ಕಾರ್ಖಾನೆಗೆ ಹೋಗುತ್ತಿದ್ದ ಅನಿಲ ನಿಂತಿತು. ಒರತೆ ಬತ್ತಿದೆ, ಬಿಂದಿಗೆಯಿಂದ ತೆಗೆಯುವುದು ಮಾತ್ರ ನಡೆದಿದೆ. ಈಗಿನ ವೇಗದಲ್ಲಿ ತೆಗೆದರೆ 2030ರ ದಶಕದಲ್ಲಿ ಅದು ಖಾಲಿಯಾಗಬಹುದು ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಿದ್ದಾರೆ. ಅಷ್ಟರೊಳಗೆ ಸನ್‌ರೈಸ್ ಅನಿಲ ಬರಬೇಕು. ಇಂದೇ ಒಪ್ಪಿ ಸಹಿ ಹಾಕಿದರೂ ಬಾವಿ ಕೊರೆದು, ಕೊಳವೆ ಹಾಸಿ, ಕಾರ್ಖಾನೆ ಕಟ್ಟಲು ವರ್ಷಗಳೇ ಬೇಕು.

ಶನಾನಾ ಗುಸ್ಮಾವ್ 2023ರಲ್ಲಿ ಮತ್ತೆ ಪ್ರಧಾನಿಯಾದರು. ಆಗ ಅವರಿಗೆ 77 ವರ್ಷ. ಕೊಳವೆ ತಿಮೋರಿಗೇ ಬರಬೇಕು ಎಂಬ ಹಟವನ್ನು ಅವರು ಆಗಲೂ ಬಿಟ್ಟಿರಲಿಲ್ಲ.